‘ಲೆಜೆಂಡ್’ ಅರ್ಧಕ್ಕೆ ನಿಲ್ಲಿಸಿದ್ದೇನೆ, ಮುಂದುವರಿಸಲಾ?

ಕೇಳಿದವರು: ಅರ್ಧ ಓದಿದವನು

ಡೇವಿಡ್ ಗೆಮ್ಮೆಲ್ ಬರೆದ ‘ಲೆಜೆಂಡ್’ ಕಾದಂಬರಿ ಹಿಡಿದು ಮೂರು ವಾರ ಆಯ್ತು. ನೂರನೇ ಪುಟದ ಹತ್ತಿರ ಬುಕ್‌ಮಾರ್ಕ್ ಸಿಕ್ಕಿಸಿದವನು ಮತ್ತೆ ತೆರೆದಿಲ್ಲ. ಪುಸ್ತಕ ಕೊಟ್ಟ ಗೆಳೆಯ ಇದನ್ನು ಐದು ಸಲ ಓದಿದ್ದಾನೆ. ಅವನ ಹೆಂಡತಿ ಮಾತ್ರ "ಅದಾ? ಗಂಡಸರು ಕೊಡಲಿ ಹಿಡಿದು ಭಾಷಣ ಬಿಗಿಯೋ ಪುಸ್ತಕ" ಅಂತ ನಕ್ಕುಬಿಟ್ಟರು. ಒಂದೇ ಮನೆ, ಒಂದೇ ಪ್ರತಿ, ಅಭಿಪ್ರಾಯ ನೋಡಿದರೆ ಹೀಗೆ.

ಓದದೇ ಇರೋರಿಗೆ ಕಥೆ ಇಷ್ಟು. ಡ್ರಾಸ್ ಡೆಲ್ನಾಕ್ ಅಂತ ಒಂದು ಕೋಟೆ. ಒಂದರ ಹಿಂದೊಂದು ಆರು ಗೋಡೆ. ಒಳಗಿರುವ ಡ್ರೆನಾಯ್ ಸೈನಿಕರು ಹತ್ತು ಸಾವಿರವೂ ಇಲ್ಲ. ಹೊರಗೆ ಉಲ್ರಿಕ್ ಅನ್ನುವ ನಾಯಕನ ಹಿಂದೆ ಐದು ಲಕ್ಷ ನಾದಿರ್ ಪಡೆ. ಕೋಟೆ ಉಳಿಸಲು ಹೊರಟಿರುವವನು ಡ್ರಸ್. ವಯಸ್ಸು 60, ಕೈಯಲ್ಲಿ ಸ್ನಾಗಾ ಅನ್ನುವ ಕೊಡಲಿ. ನಾನು ನಿಲ್ಲಿಸಿದ ಕಡೆ ಯುದ್ಧ ಇನ್ನೂ ಶುರುವೇ ಆಗಿಲ್ಲ. ರೆಕ್ ಅನ್ನುವ ಇನ್ನೊಬ್ಬ ನಾಯಕ ಕಾಡಿನಲ್ಲಿ ವಿರೇ ಅನ್ನುವ ಹುಡುಗಿಯನ್ನು ಕಂಡ, ಜಗಳ ಆಡಿದ, ಪ್ರೀತಿಯೂ ಮಾಡಿಬಿಟ್ಟ. ಅಷ್ಟು ಹೊತ್ತಿಗೆ ನನಗೆ ಆಕಳಿಕೆ ಬಂತು.

ಓದಿದವರು ಹೇಳಿ, ಮುಂದುವರಿಸಲಾ? 14 ವರ್ಷದ ಮಗಳು ಬೇರೆ ಕೇಳ್ತಿದ್ದಾಳೆ, ಅವಳಿಗೆ ಕೊಡಬಹುದಾ? ದಯವಿಟ್ಟು ಕೊನೆ ಏನಾಗುತ್ತೆ ಅಂತ ಮಾತ್ರ ಹೇಳಬೇಡಿ.

ಕೊಡಲಿ ಪಕ್ಷ

ಡ್ರಸ್ ಕೋಟೆಯೊಳಗೆ ಕಾಲಿಟ್ಟ ಮೇಲೆ ಇನ್ನೊಂದು ಐವತ್ತು ಪುಟ ಓದಿ. ಆಗಲೂ ಆಕಳಿಕೆ ಬಂದರೆ ಪುಸ್ತಕ ವಾಪಸ್ ಕೊಟ್ಟುಬಿಡಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಈಗ ಬಿಟ್ಟರೆ ಮಾತ್ರ ಊಟಕ್ಕೆ ಕೂತು ಉಪ್ಪಿನಕಾಯಿ ನೆಕ್ಕಿ ಎದ್ದ ಹಾಗೆ.

ಎರಡು ಸಲ ಓದಿದವನು

ನಾನು ಇದನ್ನು ಮೊದಲು ಓದಿದ್ದು 17ನೇ ವಯಸ್ಸಿಗೆ, ಎರಡನೇ ಸಲ 46ಕ್ಕೆ. ಎರಡೂ ಸಲ ಓದಿದ್ದು ಬೇರೆ ಬೇರೆ ಪುಸ್ತಕವೇನೋ ಅನ್ನಿಸಿತು.

17ರಲ್ಲಿ ನನಗೆ ಕಂಡಿದ್ದು ಕೊಡಲಿ ಒಂದೇ. ಡ್ರಸ್ ಬಂದ, ಹೊಡೆದ, ಗೆದ್ದ, ಪುಟ ತಿರುಗಿಸಿದೆ. ಗೆಳೆಯರೆಲ್ಲ ಸೇರಿ ಲೆಕ್ಕ ಬೇರೆ ಹಾಕಿದ್ದೆವು: ಹತ್ತು ಸಾವಿರಕ್ಕೆ ಐದು ಲಕ್ಷ, ಅಂದರೆ ತಲೆಗೆ ಐವತ್ತು. ಒಬ್ಬೊಬ್ಬನೂ ಐವತ್ತು ಜನರನ್ನು ಹೊಡೆದರೆ ಸರಿಹೋಯ್ತು! ಆ ವಯಸ್ಸಿನ ಗಣಿತ.

46ರಲ್ಲಿ ಓದಿದಾಗ ಕಣ್ಣಿಗೆ ಬಿದ್ದಿದ್ದು ಮುದುಕನ ಮಂಡಿ. ನಿಜವಾಗಿ ಹೇಳ್ತಿದ್ದೇನೆ. ಮುದಿ ಯೋಧ ಅಂದರೆ ನಮ್ಮ ತಲೆಗೆ ಭೀಷ್ಮ ಬರ್ತಾನೆ, ಬೆಳ್ಳಿ ಗಡ್ಡ, ಗಂಭೀರ ಮಾತು. ಈ ಡ್ರಸ್‌ಗೆ ಮಂಡಿ ಊದುತ್ತದೆ, ಬೆನ್ನು ಹಿಡಿದುಕೊಳ್ಳುತ್ತದೆ. ಸೈನಿಕರ ಎದುರಿಗೆ ಅದನ್ನು ತೋರಿಸಿಕೊಳ್ಳುವ ಹಾಗಿಲ್ಲ. ಯಾಕೆಂದರೆ ಅವರು ಕಾಯ್ತಾ ಇದ್ದದ್ದು ಕಥೆಗಳಲ್ಲಿ ಕೇಳಿದ ಡ್ರಸ್‌ನನ್ನು. ಬಂದಿರುವವನು ಮಂಡಿ ನೋವಿನ ಮುದುಕ. ಇವನು ಆ ಕಥೆಯ ವೇಷ ಹಾಕಿಕೊಂಡು ಗೋಡೆ ಮೇಲೆ ನಿಲ್ಲಬೇಕು. ಪುಸ್ತಕದ ಹೆಸರು ಅದಕ್ಕೇ ಇರೋದು ಅಂತ ನನಗೆ ತಿಳಿಯಲು ಇಪ್ಪತ್ತೊಂಬತ್ತು ವರ್ಷ ಬೇಕಾಯ್ತು.

ಇನ್ನೊಬ್ಬನ ಮೇಲೆ ಕಣ್ಣಿಡಿ: ಕೋಟೆಯ ಸೇನಾಪತಿ ಓರಿನ್. ಶಿಫಾರಸಿನಿಂದ ಪದವಿ ಪಡೆದವನು. ದಪ್ಪಗಿದ್ದಾನೆ, ಸೈನಿಕರು ಬೆನ್ನ ಹಿಂದೆ ನಗುತ್ತಾರೆ. ಇಂಥವನನ್ನು ಬೇರೆ ಲೇಖಕರು ಹಾಸ್ಯಕ್ಕೆ ಇಟ್ಟುಕೊಳ್ಳುತ್ತಾರೆ, ಇಲ್ಲ ದ್ರೋಹಿ ಮಾಡುತ್ತಾರೆ. ಇಲ್ಲಿ ಡ್ರಸ್ ಅವನನ್ನು ಕೀಳಾಗಿ ನೋಡುವುದಿಲ್ಲ. ಓರಿನ್ ತನ್ನ ಸೈನಿಕರ ಜೊತೆಗೇ ಓಡಲು ಶುರು ಮಾಡುತ್ತಾನೆ. ಏದುಸಿರು ಬಿಡುತ್ತಾನೆ, ಹಿಂದೆ ಬೀಳುತ್ತಾನೆ, ಮರುದಿನ ಮತ್ತೆ ಬರುತ್ತಾನೆ. ನನ್ನ ಮಟ್ಟಿಗೆ ಪುಸ್ತಕದ ಅತ್ಯಂತ ಧೈರ್ಯವಂತ ಅವನೇ. ಐದು ಸಲ ಓದಿದ ನಿಮ್ಮ ಗೆಳೆಯನನ್ನು ಓರಿನ್ ಬಗ್ಗೆ ಕೇಳಿ ನೋಡಿ. ಏನು ಹೇಳ್ತಾನೆ ಅನ್ನೋದರ ಮೇಲೆ ಅವನು ಓದಿದ್ದು ಯಾವ ಪುಸ್ತಕ ಅಂತ ಗೊತ್ತಾಗುತ್ತೆ.

ನಗುವ ಹೆಂಡತಿಯ ಪರ

ನಾನು ಪೂರ್ತಿ ಓದಿದೆ, ಸಿಟ್ಟು ಮಾಡಿಕೊಂಡೇ ಓದಿದೆ. ನಿಮಗೆ ಆಕಳಿಕೆ ಬಂದದ್ದು ಸರಿಯಾದ ಜಾಗದಲ್ಲೇ.

ವಿರೇ ಸಿಕ್ಕಿದ ಮೊದಲ ದೃಶ್ಯದಲ್ಲಿ ಎಷ್ಟು ಚೆನ್ನಾಗಿದ್ದಾಳೆ! ಬಾಯಿ ಚುರುಕು, ಕತ್ತಿ ಗೊತ್ತು, ಯಾರಿಗೂ ಹೆದರಲ್ಲ. ರೆಕ್ ಪಾಪ, ಕತ್ತಲೆಗೇ ಹೆದರುವವನು. ಇವಳು ಕಥೆ ನಡೆಸ್ತಾಳೆ ಅಂದುಕೊಂಡೆ. ಮದುವೆ ಅಂತ ಆದದ್ದೇ ತಡ, ಕಥೆ ಅವಳನ್ನು ಪಕ್ಕಕ್ಕೆ ಇಟ್ಟು ರೆಕ್‌ನ ಹಿಂದೆ ಹೋಗುತ್ತದೆ. ಇನ್ನೊಬ್ಬಳು ಕೇಸಾ, ಬಿಲ್ಲು ಹಿಡಿದವಳು. ಅವಳ ಗಾಯ ದೊಡ್ಡದು. ಲೇಖಕರು ಅದನ್ನು ಎರಡು ಸಲ ಮುಟ್ಟಿ ನೋಡಿ, ಬಿಸಿ ತಾಗಿದವರ ಹಾಗೆ ಕೈ ಹಿಂದೆ ತೆಗೆದುಬಿಡುತ್ತಾರೆ. ಇಡೀ ಕೋಟೆಯಲ್ಲಿ ಹೆಣ್ಣುಗಳ ಹೆಸರು ನೆನಪಿಟ್ಟುಕೊಳ್ಳಲು ಒಂದು ಕೈ ಬೆರಳು ಜಾಸ್ತಿಯಾಯ್ತು.

1984ರ ಪುಸ್ತಕ, ಆ ಕಾಲವೇ ಹಾಗಿತ್ತು ಅನ್ನುತ್ತಾರೆ. ಇರಬಹುದು. ಆದರೆ ಓದ್ತಾ ಇರೋದು ನಾನು, ಈಗ.

ಇಷ್ಟು ಬೈದ ಮೇಲೂ ಒಂದು ಮಾತು. ಉಲ್ರಿಕ್ ನನಗೆ ಇಷ್ಟ ಆದ. ಕೋಟೆಗೆ ಮುತ್ತಿಗೆ ಹಾಕಿದವನನ್ನು ರಾಕ್ಷಸ ಮಾಡದೆ, ಮಾತಿಗೆ ನಿಲ್ಲುವ, ನಗಲು ಬರುವ ಮನುಷ್ಯನನ್ನಾಗಿ ಮಾಡಿದ್ದಾರೆ. ಡ್ರಸ್ ಮತ್ತು ಅವನ ನಡುವಿನ ಗೌರವ ಇದೆಯಲ್ಲ, ಅದು ವಿರೇ ಮತ್ತು ರೆಕ್ ನಡುವಿನ ಪ್ರೀತಿಗಿಂತ ನಂಬುವ ಹಾಗಿದೆ. ಇದು ಹೊಗಳಿಕೆಯೋ ದೂರೋ ನೀವೇ ನೋಡಿಕೊಳ್ಳಿ.

ವಾರ್ಡಿನಲ್ಲಿ ಓದಿದವಳು

ನಾನು ಈ ಜಾತಿಯ ಪುಸ್ತಕ ಓದುವವಳಲ್ಲ. ಇದು ನನ್ನ ಗಂಡನ ಪುಸ್ತಕ. ಅವರಿಗೆ ಕೀಮೋ ನಡೆಯುತ್ತಿದ್ದಾಗ ಕಣ್ಣು ಆಯಾಸ ಆಗುತ್ತಿತ್ತು, ಹಾಗಾಗಿ ನಾನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಡ್ರಿಪ್ ಮುಗಿಯುವ ತನಕ ಒಂದೊಂದು ಅಧ್ಯಾಯ. ಮೊದಮೊದಲು ಯುದ್ಧದ ದೃಶ್ಯ ಬಂದರೆ ದನಿ ತಗ್ಗಿಸುತ್ತಿದ್ದೆ, ಪಕ್ಕದ ಹಾಸಿಗೆಯವರು ಏನಂದುಕೊಳ್ಳುತ್ತಾರೋ ಅಂತ. ನಾಲ್ಕನೇ ದಿನ ಆ ಪಕ್ಕದ ಹಾಸಿಗೆಯವರೇ "ಅಮ್ಮಾ, ಸ್ವಲ್ಪ ಜೋರಾಗಿ ಓದಿ" ಅಂದರು.

ಗೆಮ್ಮೆಲ್ ಇದನ್ನು ಬರೆಯಲು ಕೂತದ್ದು 1976ರಲ್ಲಿ. ಕ್ಯಾನ್ಸರ್ ಇರಬಹುದು ಅಂತ ಪರೀಕ್ಷೆ ನಡೆಯುತ್ತಿತ್ತು, ಮನಸ್ಸು ಬೇರೆ ಕಡೆ ತಿರುಗಲಿ ಅಂತ ಬರೆದರು. ಆಗ ಇಟ್ಟ ಹೆಸರು ‘ಡ್ರಾಸ್ ಡೆಲ್ನಾಕ್ ಮುತ್ತಿಗೆ’ ಅಂತ. ಕೋಟೆ ಅಂದರೆ ಅವರೇ, ನಾದಿರ್ ಅಂದರೆ ಕಾಯಿಲೆ. ಕೋಟೆ ಉಳಿಯುತ್ತದೋ ಬೀಳುತ್ತದೋ ಅನ್ನುವುದನ್ನೂ ಆಗ ತೀರ್ಮಾನಿಸದೆ ಬಿಟ್ಟಿದ್ದರು. ಆಮೇಲೆ ಕ್ಯಾನ್ಸರ್ ಅಲ್ಲ ಅಂತ ತಿಳಿಯಿತು. ಎಷ್ಟೋ ವರ್ಷದ ಮೇಲೆ ತಿದ್ದಿ ಬರೆದು, 1984ರಲ್ಲಿ ಪುಸ್ತಕ ಬಂತು.

ಇದು ಗೊತ್ತಿಲ್ಲದೇ ಓದಿದರೂ ಆ ಆರು ಗೋಡೆಗಳ ಹೆಸರು ಬಂದಾಗ ನಮಗೆ ಏನೋ ಹೊಳೆಯಿತು. ಪ್ರತಿ ಗೋಡೆಯ ಹೆಸರಿಗೂ ಒಂದು ಅರ್ಥ ಇದೆ. ಮೊದಲನೆಯದು ಎಲ್ಡಿಬಾರ್, ಅಂದರೆ ಹುಮ್ಮಸ್ಸು. ಎರಡನೆಯದು ಮುಸಿಫ್, ನಿರಾಸೆ. ಮೂರನೆಯದು ಕಾನಿಯಾ, ಮತ್ತೆ ಚಿಗುರಿದ ಆಸೆ. ನಾಲ್ಕನೆಯದು ಸುಮಿಟೋಸ್, ಹತಾಶೆ. ಐದನೆಯದು ವಾಲ್ಟೆರಿ, ಶಾಂತಿ. ಕೊನೆಯದು ಗೆಡ್ಡನ್, ಸಾವು. ಅದನ್ನು ಓದಿ ನಾನು ಪುಸ್ತಕ ಮಡಿಚಿಟ್ಟೆ. ಅವರು ಕಣ್ಣು ಮುಚ್ಚಿಕೊಂಡೇ "ನಾವೀಗ ಎರಡನೆಯದರಲ್ಲಿ ಇದ್ದೇವೆ" ಅಂದರು. ಅಲ್ಲಿಂದ ಮುಂದೆ ರಿಪೋರ್ಟ್ ಬಂದಾಗಲೆಲ್ಲ ನಾವಿಬ್ಬರೂ ಅದೇ ಭಾಷೆಯಲ್ಲಿ ಮಾತಾಡಿದ್ದು. ಒಂದು ದಿನ ಡಾಕ್ಟರ ಎದುರಿಗೇ "ಕಾನಿಯಾ" ಅಂದುಬಿಟ್ಟರು. ಅವರಿಗೆ ಅದು ಯಾವ ಔಷಧಿ ಅಂತ ಗೊಂದಲ.

ಈಗ ಅವರು ಆರಾಮಾಗಿದ್ದಾರೆ. ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಅಂತ ನನ್ನನ್ನು ಕೇಳಬೇಡಿ, ನನಗೆ ಹೇಳೋಕೆ ಬರಲ್ಲ. ಮೇಲಿನವರು ವಿರೇ ಬಗ್ಗೆ ಹೇಳಿದ್ದು ನಿಜ, ನನಗೂ ಹಾಗೇ ಅನ್ನಿಸಿತ್ತು. ಆದರೂ ಓದುವುದನ್ನು ನಿಲ್ಲಿಸಲಿಲ್ಲ.

ಕೆಂಪು ಪೆನ್ನು

ಪುಸ್ತಕ ತಿದ್ದುವುದು ನನ್ನ ಕೆಲಸ. ಅದರ ಚಾಳಿ ಎಲ್ಲಿ ಹೋದರೂ ಬಿಡಲ್ಲ. ಇದು ಗೆಮ್ಮೆಲ್ ಅವರ ಮೊದಲ ಕಾದಂಬರಿ, ಮೊದಲ ಕಾದಂಬರಿಯ ಒರಟುತನ ಎಲ್ಲ ಕಡೆ ಇದೆ. ಒಂದೇ ದೃಶ್ಯದಲ್ಲಿ ಒಬ್ಬನ ತಲೆಯೊಳಗಿಂದ ಇನ್ನೊಬ್ಬನ ತಲೆಗೆ ಹಾರುತ್ತಾರೆ. ‘ಮೂವತ್ತು ಜನ’ ಅಂತ ಯೋಧ ಸನ್ಯಾಸಿಗಳ ಗುಂಪೊಂದು ಬರುತ್ತದೆ, ಮನಸ್ಸಿನಲ್ಲೇ ಮಾತಾಡಿಕೊಳ್ಳುವವರು. ಅವರ ಶಕ್ತಿಗೆ ಎಲ್ಲಿ ಮಿತಿ ಅಂತ ನನಗೆ ಕೊನೆ ತನಕ ತಿಳಿಯಲಿಲ್ಲ. ಕಥೆಗೆ ಬೇಕಾದಾಗ ಜಾಸ್ತಿ, ಬೇಡವಾದಾಗ ಕಮ್ಮಿ. ಇನ್ನು ಕೊನೆಯ ಕೆಲವು ಪುಟ... ಹೇಳಬೇಡಿ ಅಂದಿದ್ದೀರಿ, ಬಾಯಿ ಮುಚ್ಚಿಕೊಂಡೆ. ಪುಕ್ಕಟೆ ಸಿಕ್ಕಿದ ಹಾಗೆ ಒಂದು ಸಂಗತಿ ಇದೆ ಅಲ್ಲಿ, ಅದಕ್ಕೆ ಲೇಖಕರು ಬೆಲೆ ತೆತ್ತಿಲ್ಲ. ಇಷ್ಟೇ ಹೇಳೋದು.

ಒಪ್ಪಬೇಕಾದ್ದನ್ನು ಒಪ್ಪುತ್ತೇನೆ. ಮುನ್ನೂರು ಚಿಲ್ಲರೆ ಪುಟದಲ್ಲಿ ಒಂದು ಇಡೀ ಯುದ್ಧ ಮುಗಿಸಿದ್ದಾರೆ. ವಾಕ್ಯ ಚಿಕ್ಕದು, ಬೆಟ್ಟ ನದಿ ವರ್ಣನೆ ಕಡಿಮೆ, ವಂಶಾವಳಿ ಇಲ್ಲವೇ ಇಲ್ಲ. ಇವತ್ತಿನ ಫ್ಯಾಂಟಸಿಯಲ್ಲಿ ಇಷ್ಟು ಪುಟಕ್ಕೆ ಕುದುರೆಗೆ ಜೀನು ಹಾಕಿರಲ್ಲ. ಇನ್ನೊಂದು, ಗಿಲಾಡ್ ಅನ್ನುವ ರೈತ ಸೈನಿಕನ ಭಾಗಗಳನ್ನು ನಾನು ಮುಟ್ಟದೇ ಬಿಡುತ್ತಿದ್ದೆ, ಒಂದು ಅಲ್ಪವಿರಾಮ ಸಮೇತ. ದಿನವಿಡೀ ಓಡಿಸಿ, ಕಲ್ಲು ಹೊರಿಸಿ ದಣಿಸಿದ ಮೇಲೆ, ಓಡಿಹೋಗಬೇಕು ಅಂದುಕೊಳ್ಳುವ ಮನುಷ್ಯ ಹೇಗೆ ಅಲ್ಲೇ ಉಳಿಯುತ್ತಾನೆ ಅನ್ನುವುದು ಅಲ್ಲಿ ಚೆನ್ನಾಗಿ ಬಂದಿದೆ.

ಮಕ್ಕಳಿಗೆ ಕೊಟ್ಟು ನೋಡಿದವರು

ಮಗಳ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಹಾಗಾಗಿ ನಾನು. ನನ್ನ ಮಗ 13ಕ್ಕೆ ಓದಿದ. ರಕ್ತ ಇದೆ, ಸಾವು ಸಾಕಷ್ಟಿದೆ, ಇಷ್ಟಪಟ್ಟವರೂ ಸಾಯುತ್ತಾರೆ. ಹೊಡೆದಾಟದಿಂದ ಅವನಿಗೆ ಏನೂ ಆಗಲಿಲ್ಲ, ಗೇಮ್‌ನಲ್ಲಿ ಅದಕ್ಕಿಂತ ಜಾಸ್ತಿ ನೋಡಿದ್ದಾನೆ. ಶುರುವಿನಲ್ಲಿ ಸಾವೇ ಡ್ರಸ್ ಹತ್ತಿರ ಬಂದು ಮಾತಾಡುವ ಒಂದು ದೃಶ್ಯ ಇದೆ. ಅದನ್ನು ಓದಿದ ರಾತ್ರಿ ಅವನು ನನ್ನ ರೂಮಿಗೆ ಬಂದು "ಅಪ್ಪಾ, ತಾತನಿಗೂ ಹೀಗೇ ಗೊತ್ತಾಗಿತ್ತಾ?" ಅಂತ ಕೇಳಿದ. ಅದಕ್ಕೆ ನಾನು ತಯಾರಿರಲಿಲ್ಲ. ಕೇಸಾಳ ಹಿಂದಿನ ಕಥೆಯೂ ಸ್ವಲ್ಪ ಕಹಿ ಇದೆ. 14 ಅಂದರೆ ಕೊಡಿ, ಆದರೆ ನೀವು ಮೊದಲು ಮುಗಿಸಿ ಕೊಡಿ. ಅಂದರೆ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಇದೇ ಆಯ್ತು!

ಸರಣಿ ಓದುವವನು

ಮುಗಿಸಿ ಇಷ್ಟ ಆದರೆ ಮುಂದೇನು ಅಂತ ಕೇಳೇ ಕೇಳ್ತೀರಿ. ಡ್ರಸ್‌ನ ಹರೆಯದ ಕಥೆ 1993ರಲ್ಲಿ ಬಂತು. ಅದನ್ನು ಮೊದಲು ಓದಿ ಅನ್ನುವವರಿದ್ದಾರೆ. ಬೇಡ. ಮುದುಕನನ್ನು ಮೊದಲು ನೋಡಿ, ಹುಡುಗನನ್ನು ಆಮೇಲೆ. ಬರೆದ ಕ್ರಮದಲ್ಲೇ ಓದಿದರೆ ಗೆಮ್ಮೆಲ್ ಕೈ ಪಳಗುತ್ತಾ ಹೋಗಿದ್ದೂ ಕಾಣುತ್ತದೆ. ಅವರು 2006ರಲ್ಲಿ ತೀರಿಕೊಂಡರು. 2009ರಿಂದ 2018ರ ತನಕ ಅವರ ಹೆಸರಲ್ಲಿ ಒಂದು ಫ್ಯಾಂಟಸಿ ಪ್ರಶಸ್ತಿ ಕೊಡುತ್ತಿದ್ದರು, ಗೆದ್ದವರಿಗೆ ಸ್ನಾಗಾ ಕೊಡಲಿಯ ಪ್ರತಿಕೃತಿ! ಕೆಂಪು ಪೆನ್ನಿನವರಿಗೂ ಒಂದು ಕೊಟ್ಟಿದ್ದರೆ ಪೆನ್ನು ಕೆಳಗಿಡುತ್ತಿದ್ದರೇನೋ.

ಅರ್ಧ ಓದಿದವನು

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಆಯ್ತು, ನಾನೀಗ ಮೂರನೇ ಗೋಡೆಯಲ್ಲಿದ್ದೇನೆ. ಓರಿನ್ ಓಡುವ ಭಾಗ ಎರಡು ಸಲ ಓದಿದೆ. ಆಫೀಸಿನಲ್ಲಿ ನನಗೂ ಹೊಟ್ಟೆ ಬಂದಿದೆ, ಅದಕ್ಕೂ ಇರಬಹುದು. ಗೆಳೆಯನನ್ನು ಕೇಳಿದೆ, "ಓರಿನ್ ಹೇಗನ್ನಿಸಿದ?" ಅಂತ. ಒಂದು ನಿಮಿಷ ಯೋಚಿಸಿ "ಯಾರು?" ಅಂದ. ಪಕ್ಕದಲ್ಲೇ ಇದ್ದ ಅವನ ಹೆಂಡತಿ "ಆ ದಪ್ಪಗಿನವನು ಕಣ್ರೀ, ಅವನೊಬ್ಬನೇ ಸರಿಯಾಗಿದ್ದ" ಅಂದರು. ಪುಸ್ತಕವನ್ನು ಅವರೂ ಪೂರ್ತಿ ಓದಿದ್ದರು ಅಂತ ನನಗೆ ಗೊತ್ತಾದದ್ದು ಆಗಲೇ.

ಮಗಳು ನಾನು ಮುಗಿಸುವ ತನಕ ಕಾಯಲಿಲ್ಲ, ಕದ್ದು ಓದುತ್ತಿದ್ದಾಳೆ. ರೆಕ್ ಮಾತ್ರ ಇಬ್ಬರಿಗೂ ಇನ್ನೂ ಇಷ್ಟ ಆಗಿಲ್ಲ.