ಏಳು ತಿಂಗಳ ಬಸುರಿ, ಇಡೀ ದಿನ ನಿಂತೇ ಕೆಲಸ. ಕುರ್ಚಿ ಕೇಳಿದ್ದು ತಪ್ಪಾ?

ದಾರದುಂಡೆ:
ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಟೇಬಲ್ ನೋಡಿಕೊಳ್ಳುತ್ತೇನೆ. ಐದನೇ ವರ್ಷ ಇದು. ಸಂಬಳ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಮಿತಿ ದಾಟಿದೆ. ಡಾಕ್ಟರ್ ಕೊಟ್ಟ ಹೆರಿಗೆ ದಿನಕ್ಕೆ ಇನ್ನು ಒಂಬತ್ತು ವಾರ. ಸಂಜೆ ಹೊತ್ತಿಗೆ ಕಾಲು ಊದಿ ಚಪ್ಪಲಿಯೊಳಗೆ ಹೋಗುವುದಿಲ್ಲ. "ಜಾಸ್ತಿ ಹೊತ್ತು ನಿಲ್ಲಬಾರದು" ಅಂತ ಡಾಕ್ಟರ್ ಚೀಟಿ ಬರೆದುಕೊಟ್ಟರು. ಫ್ಲೋರ್ ಇನ್‌ಚಾರ್ಜ್ ಅದನ್ನು ಓದಲೂ ಇಲ್ಲ, ಮಡಚಿ ಜೇಬಿಗೆ ಹಾಕಿಕೊಂಡರು. "ನಿನಗೆ ಕುರ್ಚಿ ಕೊಟ್ಟರೆ ಇಡೀ ಲೈನ್ ಕೇಳುತ್ತೆ. ಆಗಲ್ಲ ಅಂದ್ರೆ ಹೆಲ್ಪರ್ ಕೆಲಸಕ್ಕೆ ಹಾಕ್ತೀನಿ, ಸಂಬಳವೂ ಹೆಲ್ಪರ್‌ದೇ" ಅಂದರು. ಹಾಗೆ ಕಡಿಮೆ ಮಾಡಬಹುದಾ? ಮನೆಯಲ್ಲಿ ಸುಮ್ನೆ ರಾಜೀನಾಮೆ ಕೊಡು ಅಂತಿದ್ದಾರೆ.

ಹಳೇ ರಿಜಿಸ್ಟರ್:
ರಾಜೀನಾಮೆ ಮಾತ್ರ ಕೊಡಬೇಡಿ ತಾಯಿ. ಚೊಚ್ಚಲು ಆದರೆ 26 ವಾರ ಸಂಬಳದ ರಜೆ ನಿಮ್ಮದು. ಈಗ ಬಿಟ್ಟರೆ ಅದನ್ನು ಕಂಪನಿಗೆ ದಾನ ಮಾಡಿದ ಹಾಗೆ.

ನಾನು ಹನ್ನೊಂದು ವರ್ಷ ಒಂದು ಕಾರ್ಖಾನೆಯ ಆಫೀಸಿನಲ್ಲಿ ಹಾಜರಿ, ರಜೆ ಲೆಕ್ಕ ಬರೆದವನು. ನಿಮ್ಮ ಪ್ರಶ್ನೆಗೆ ಕಾನೂನಿನಲ್ಲಿ ನೇರ ಉತ್ತರ ಇದೆ. ಹೆರಿಗೆಗೆ ಮುಂಚಿನ ಆರು ವಾರ, ಅದಕ್ಕೂ ಹಿಂದಿನ ಒಂದು ತಿಂಗಳು, ಈ ಅವಧಿಯಲ್ಲಿ ಬಸುರಿ ಕೇಳಿಕೊಂಡರೆ ಅವಳಿಂದ ಶ್ರಮದ ಕೆಲಸ, ತುಂಬಾ ಹೊತ್ತು ನಿಲ್ಲುವ ಕೆಲಸ ಮಾಡಿಸುವಂತಿಲ್ಲ. ನಿಲ್ಲುವ ಮಾತು ನಾನು ಸೇರಿಸಿದ್ದಲ್ಲ, ಕಾಯ್ದೆಯಲ್ಲೇ ಇದೆ. ಒಂಬತ್ತು ವಾರ ಅಂದರೆ ನೀವು ಆಗಲೇ ಅದರೊಳಗೆ ಬಂದಿದ್ದೀರಿ. ಹಗುರ ಕೆಲಸ ಕೊಟ್ಟೆವು ಅಂತ ಸಂಬಳ ಹಿಡಿಯುವಂತೆಯೂ ಇಲ್ಲ. 1961ರ ಹೆರಿಗೆ ಕಾಯ್ದೆಯಲ್ಲಿದ್ದ ನಿಯಮ ಇವು. 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ, ಅಷ್ಟೇ.

ಆದರೆ "ಕೇಳಿಕೊಂಡರೆ" ಅನ್ನೋ ಪದ ನೋಡಿ. ನಮ್ಮಲ್ಲಿ ಒಬ್ಬ ಹೆಣ್ಣುಮಗಳು ಮೂರು ಸಲ ಬಾಯಲ್ಲಿ ಹೇಳಿದ್ದಳು. ಒಂದು ಸಲ ನನ್ನ ಮುಂದೆಯೇ. ಕೊನೆಗೆ ಮ್ಯಾನೇಜರ್ "ಯಾವಾಗ ಕೇಳಿದ್ದು, ಕಾಗದ ಎಲ್ಲಿ?" ಅಂದರು. ಕಾಗದ ಇರಲಿಲ್ಲ. ನಾನೂ ಬಾಯಿ ಬಿಡಲಿಲ್ಲ, ಅದು ಇವತ್ತಿಗೂ ಚುಚ್ಚುತ್ತೆ.

ಹಾಗಾಗಿ ಮ್ಯಾನೇಜರ್ ಹೆಸರಿಗೆ ಅರ್ಜಿ ಬರೆಯಿರಿ. ಹೆರಿಗೆ ದಿನಾಂಕ ಇರಲಿ. ಡಾಕ್ಟರ್ ಹತ್ತಿರ ಇನ್ನೊಂದು ಚೀಟಿ ಬರೆಸಿ, ಜೆರಾಕ್ಸ್ ಮಾತ್ರ ಲಗತ್ತಿಸಿ. ನಿಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ತಗೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟ್.

ಮೂರನೇ ಲೈನ್:
ಅಣ್ಣ ಹೇಳಿದ್ದು ಸರಿ, ಆದರೆ ಒಬ್ಬಳೇ ಹೋಗಬೇಡ ಕಣೇ. ಕಾನೂನು ಗೊತ್ತು ಅಂತ ತೋರಿಸಿದ ದಿನದಿಂದ ನನಗೆ ಟಾರ್ಗೆಟ್ ಏರಿಸಿದ್ದರು. ಜೊತೆಗೆ ಇಬ್ಬರನ್ನು ಕರೆದುಕೊಂಡು ಹೋಗು.

ಇನ್ನೊಂದು. "ಇಡೀ ಲೈನ್ ಕೇಳುತ್ತೆ" ಅಂದರಲ್ವಾ, ಕೇಳಲಿ! ನಿಂತು ಕೆಲಸ ಮಾಡುವವರಿಗೆ ಬಿಡುವು ಸಿಕ್ಕಾಗ ಕೂರಲು ಜಾಗ ಕೊಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಅದಕ್ಕೆ ಬಸುರಿ ಆಗಬೇಕಾಗಿಲ್ಲ.

ದಾರದುಂಡೆ:
ಇವತ್ತು ಮೂವರು ಹೋಗಿ ಕೊಟ್ಟೆವು. ಆಫೀಸಿನವರು ಎರಡು ಸಲ ಓದಿ ಸೀಲು ಹಾಕಿದರು. ಇನ್‌ಚಾರ್ಜ್ "ಯಾರು ಬರೆದುಕೊಟ್ಟಿದ್ದು?" ಅಂತ ಮಾತ್ರ ಕೇಳಿದರು. ಕುರ್ಚಿ ಇನ್ನೂ ಬಂದಿಲ್ಲ. ಸದ್ಯಕ್ಕೆ ಬಟನ್ ಡಬ್ಬದ ಮೇಲೆ ಕೂತಿದ್ದೇನೆ, ಯಾರೂ ಏಳಿ ಅಂದಿಲ್ಲ.