ಅಡಿಕೆ ಸುಲಿದ ದುಡ್ಡು 25 ಸಾವಿರ ಇದೆ, ಬಿಜಿಎಂಐ ಆಡೋಕೆ ಯಾವ ಫೋನ್ ತಗೊಳ್ಳಲಿ?

ಅಡಿಕೆಚೊಗರು (ಸಾಗರ)

ಎಲ್ಲರಿಗೂ ನಮಸ್ಕಾರ. ಈ ಸಲ ಅಡಿಕೆ ಸುಲಿದು, ಉಳಿದದ್ದಕ್ಕೆ ಅಮ್ಮನನ್ನು ಕಾಡಿ 25 ಸಾವಿರ ಒಟ್ಟು ಮಾಡಿದ್ದೇನೆ. ಈಗ ಕೈಲಿರುವ ಫೋನು ನಾಲ್ಕು ವರ್ಷದ್ದು, 4 ಜಿಬಿ ರ‍್ಯಾಮ್. ಬಿಜಿಎಂಐ (ಪಬ್‌ಜಿಯ ಭಾರತದ ಆವೃತ್ತಿ, ಗುಂಡು ಹಾರಿಸುವ ಮೊಬೈಲ್ ಗೇಮ್) ಮೊದಲ ಹತ್ತು ನಿಮಿಷ ಚೆನ್ನಾಗಿ ನಡೆಯುತ್ತೆ. ಆಟ ಮುಗಿಯುವ ಹೊತ್ತಿನ ಕೊನೇ ಝೋನ್ ಬರುವಷ್ಟರಲ್ಲಿ ಕ್ಯಾಮೆರಾ ಪಕ್ಕ ಬೆರಳು ಇಡೋಕಾಗದಷ್ಟು ಬಿಸಿ. ಸ್ಕ್ರೀನ್ ತಾನಾಗೇ ಮಂಕಾಗುತ್ತೆ. ಎದುರಿನವನ ಕಡೆ ತಿರುಗುವುದರೊಳಗೆ ನಾನು ಸತ್ತಿರುತ್ತೇನೆ. ಸ್ಕ್ವಾಡ್‌ನಲ್ಲಿ ನನ್ನ ಹೆಸರೇ ಈಗ "ಹೀಟರ್".

ಪೇಟೆಯಲ್ಲಿ ಒಬ್ಬ ಅಂಗಡಿಯವರು 19 ಸಾವಿರದ ಫೋನ್ ತೋರಿಸಿದರು. 108 ಮೆಗಾಪಿಕ್ಸೆಲ್, 120 ಹರ್ಟ್ಸ್, ಡಬ್ಬದ ಮೇಲೆ ದೊಡ್ಡದಾಗಿ 16 ಜಿಬಿ ರ‍್ಯಾಮ್ ಅಂತ ಬರೆದಿದೆ. "ಗೇಮಿಂಗ್‌ಗೆ ಇದೇ ರಾಜ" ಅಂದರು. ತಗೊಳ್ಳಲಾ?

ಇನ್ನೆರಡು ಸಮಸ್ಯೆ. ನಾನು ಗೈರೋದಲ್ಲಿ, ಅಂದರೆ ಫೋನನ್ನೇ ವಾಲಿಸಿ ಗುರಿ ಹಿಡಿದು ಆಡುವವನು, ಏಮ್ ಎಲ್ಲೋ ತೇಲಿದ ಹಾಗಾಗುತ್ತೆ. ಎರಡನೇದು ಕೇಳಿ ನಗಬೇಡಿ, ಸುಲಿದೂ ಸುಲಿದೂ ಬೆರಳ ತುದಿ ಒರಟಾಗಿದೆ, ಟಚ್ ಕೆಲವು ಸಲ ಹಿಡಿಯುವುದೇ ಇಲ್ಲ.

ರೂಮ್ ನಂಬರ್ 14

ಬ್ರೋ, ಸುಮ್ನೆ ಸೆಕೆಂಡ್ ಹ್ಯಾಂಡ್ ಐಫೋನ್ 11 ತಗೋ. ನಮ್ಮ ಹಾಸ್ಟೆಲ್‌ನಲ್ಲಿ ಮೂರು ಜನ ಅದರಲ್ಲೇ ಆಡ್ತಾರೆ. 60 ಎಫ್‌ಪಿಎಸ್ (ಸೆಕೆಂಡಿಗೆ 60 ಫ್ರೇಮ್) ಅಲ್ಲಾಡಲ್ಲ.

ಹೀಟ್‌ಗನ್ ಮಂಜ (ದಾವಣಗೆರೆ)

ತಮ್ಮಾ, ನಾನು ಮೊಬೈಲ್ ರಿಪೇರಿ ಮಾಡುವವನು, ಮಾರುವವನಲ್ಲ. ನಿನ್ನ ಥರದ ಹುಡುಗರ ಫೋನುಗಳ ಒಳಗೆ ಏನಿರುತ್ತೆ ಅಂತ ದಿನಾ ನೋಡ್ತೀನಿ. ಆ 19 ಸಾವಿರದ್ದಕ್ಕೆ ಇನ್ನೂ ದುಡ್ಡು ಕೊಟ್ಟಿಲ್ಲ ಅಲ್ವಾ?

ಮೊದಲು ಆ 16 ಜಿಬಿ. ಅದರಲ್ಲಿ 8 ಮಾತ್ರ ನಿಜವಾದ ರ‍್ಯಾಮ್ ಇರುತ್ತೆ. ಉಳಿದ 8 ಸ್ಟೋರೇಜ್‌ನಿಂದ ಕಡ ತಂದದ್ದು. ಸ್ಟೋರೇಜ್‌ಗೆ ರ‍್ಯಾಮ್‌ನ ವೇಗ ಎಲ್ಲಿಂದ ಬರಬೇಕು? ಆಟಕ್ಕೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ. ನಿಜವಾದ 8 ಇದ್ದರೆ ಸಾಕು. 108 ಮೆಗಾಪಿಕ್ಸೆಲ್ ಬಗ್ಗೆ ನಾನು ಮಾತೇ ಆಡಲ್ಲ.

120 ಹರ್ಟ್ಸ್‌ನಲ್ಲಿ ಎಲ್ಲರೂ ಮೋಸ ಹೋಗ್ತಾರೆ. ಅದು ಸ್ಕ್ರೀನಿನ ಲೆಕ್ಕ, ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಅಂತ. ಗೇಮ್ ಎಷ್ಟು ಫ್ರೇಮ್ ಕೊಡುತ್ತೆ ಅನ್ನೋದು ಬೇರೆ, ಗೇಮು ಫೋನು, ಚಿಪ್ಪು ನೋಡಿ ಅದರ ಬೀಗ ತೆಗೆಯುತ್ತೆ. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ "ಸ್ಮೂತ್" ಒತ್ತಿ, ಪಕ್ಕದಲ್ಲಿ ಎಲ್ಲಿವರೆಗೆ ತೆರೆದಿದೆ ನೋಡು. "ಅಲ್ಟ್ರಾ" ಅಂದರೆ 40 ಫ್ರೇಮ್, "ಎಕ್ಸ್‌ಟ್ರೀಮ್" ಅಂದರೆ 60, ಪ್ಲಸ್ ಸೇರಿದರೆ 90. 120 ಹರ್ಟ್ಸ್ ಸ್ಕ್ರೀನ್ ಇದ್ದೂ 40ಕ್ಕೇ ನಿಲ್ಲುವ ಫೋನುಗಳಿವೆ. ಆರು ಪಥದ ರಸ್ತೆ ಮಾಡಿ ಎತ್ತಿನಗಾಡಿ ಬಿಟ್ಟ ಹಾಗೆ.

ಈಗ ಬಿಸಿ ವಿಷಯ. ನಿನ್ನ ಫೋನು ಮೊದಲ ಹತ್ತು ನಿಮಿಷ ಚೆನ್ನಾಗಿತ್ತು ಅಂದೆಯಲ್ಲ, ಎಲ್ಲ ಇರೋದು ಅಲ್ಲೇ. ಚಿಪ್ ಕಾದಾಗ ತನ್ನನ್ನು ಉಳಿಸಿಕೊಳ್ಳೋಕೆ ವೇಗ ಇಳಿಸುತ್ತೆ. ಸ್ಕ್ರೀನ್ ಮಂಕಾಗೋದೂ ಅದಕ್ಕೇ. 60 ಫ್ರೇಮ್ ಅಂದರೆ ಒಂದೊಂದು ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡ್. ಕಾದ ಚಿಪ್‌ಗೆ ಅಷ್ಟರಲ್ಲಿ ಕೆಲಸ ಮುಗಿಯಲ್ಲ, ನಿನ್ನ ತಿರುವು ಅಲ್ಲೇ ಸಿಕ್ಕಿಕೊಳ್ಳುತ್ತೆ. ಯೂಟ್ಯೂಬ್‌ನಲ್ಲಿ ತೋರಿಸುವ ಅಂಟುಟು ಸ್ಕೋರ್ (ಫೋನಿನ ವೇಗ ಅಳೆಯುವ ಪರೀಕ್ಷೆಯ ಅಂಕ) ಮೊದಲ ಕೆಲವು ನಿಮಿಷದ್ದು. ನಿನಗೆ ಬೇಕಾದ್ದು ಇಪ್ಪತ್ತೈದನೇ ನಿಮಿಷದ್ದು.

ನಮ್ಮಲ್ಲಿ ಏಪ್ರಿಲ್ ಬಿಸಿಲಿಗೆ ಬರುವ ಗೇಮಿಂಗ್ ಫೋನ್ ಬಿಚ್ಚಿದರೆ, ಚಿಪ್ ಮುಚ್ಚುವ ಶೀಲ್ಡ್ ಮೇಲಿನ, ಬಿಸಿ ಎಳೆಯುವ ಪೇಸ್ಟ್ ಒಣಗಿ ವಿಭೂತಿ ಥರ ಉದುರುತ್ತೆ. ಬ್ಯಾಟರಿ ಪೂರಿ ಥರ ಉಬ್ಬಿ ಹಿಂದಿನ ಕವರ್ ಎತ್ತಿರುತ್ತೆ. ಚಾರ್ಜಿಗೆ ಹಾಕಿಕೊಂಡು ಆಡಿದ್ದು ಅಂತ ಕೇಳದೇ ಗೊತ್ತಾಗುತ್ತೆ. ಒಬ್ಬ ಪುಣ್ಯಾತ್ಮ ಮ್ಯಾಚ್ ನಡುವೆ ಫ್ರಿಜ್‌ನಲ್ಲಿಟ್ಟು ತೆಗೆದಿದ್ದ. ಒಳಗೆ ನೀರಿನ ಪಸೆ ಕಟ್ಟಿ, ಚಾರ್ಜಿಂಗ್ ಪಿನ್ ಹಸಿರಾಗಿತ್ತು. ಕೆಲವು ಫೋನುಗಳಲ್ಲಿ ಬೈಪಾಸ್ ಚಾರ್ಜಿಂಗ್ ಇರುತ್ತೆ, ಕರೆಂಟು ಬ್ಯಾಟರಿ ಮುಟ್ಟದೆ ನೇರ ಬೋರ್ಡಿಗೆ ಹೋಗುತ್ತೆ. ಇದ್ದರೆ ಒಳ್ಳೇದು.

ಚಿಪ್ಪಿನ ಹೆಸರು ಓದುವಾಗ ಬಾಲ ನೋಡು. ಸ್ನ್ಯಾಪ್‌ಡ್ರ್ಯಾಗನ್ 7ಎಸ್ ಜೆನ್ 3 ಮತ್ತು 7 ಪ್ಲಸ್ ಜೆನ್ 3, ಹೆಸರಲ್ಲಿ ಒಂದಕ್ಷರ ವ್ಯತ್ಯಾಸ, ಕೆಲಸದಲ್ಲಿ ಆಕಾಶ-ಭೂಮಿ. ಪ್ಲಸ್ ಇರೋದು ಅಣ್ಣ. ನಿನ್ನ ದುಡ್ಡಿಗೆ ಹತ್ತಿರ ಇರೋದು ಪೋಕೋ ಎಕ್ಸ್6 ಪ್ರೊ. 2024ರ ಜನವರಿಯಲ್ಲಿ ಡೈಮೆನ್ಸಿಟಿ 8300 ಅಲ್ಟ್ರಾ ಚಿಪ್‌ನೊಂದಿಗೆ 27 ಸಾವಿರದ ಆಸುಪಾಸಿನಲ್ಲಿ ಬಂದಿತ್ತು. ವರ್ಷದ ನಂತರ ಬಂದ ಎಕ್ಸ್7 ಪ್ರೊನಲ್ಲಿ 8400 ಅಲ್ಟ್ರಾ ಇದೆ, ಭಾರತದಲ್ಲಿ ಮಾರುವುದಕ್ಕೆ 6550 ಎಂಎಎಚ್ ಬ್ಯಾಟರಿ. ಅದು ಬಂದಾಗ 28 ಸಾವಿರದ ಹತ್ತಿರ ಇತ್ತು. ಸೇಲ್ ಕಾದರೆ ಇಳಿಯುತ್ತೆ. ಎರಡರಲ್ಲೂ ಸ್ಟೋರೇಜ್ ಯುಎಫ್‌ಎಸ್ 4.0, ಅಂದರೆ ವೇಗದ ಬಗೆ. ಕಡಿಮೆ ಬೆಲೆಯ ಫೋನುಗಳಲ್ಲಿ 2.2 ಇರುತ್ತೆ, ಮ್ಯಾಪ್ ಲೋಡ್ ಆಗುವಾಗ ಆ ವ್ಯತ್ಯಾಸ ಕಾಣುತ್ತೆ.

ರೂಮ್ 14, ನಿಮ್ಮ ಐಫೋನ್ 11 ಕೆಟ್ಟದ್ದಲ್ಲ. ಆದರೆ ಅದು 2019ರದ್ದು, ಬ್ಯಾಟರಿ 3110 ಎಂಎಎಚ್, ಸ್ಕ್ರೀನ್ 60 ಹರ್ಟ್ಸ್. ಈಗ ಸಿಗುವ ಸೆಕೆಂಡ್ ಹ್ಯಾಂಡ್‌ನಲ್ಲಿ ಬ್ಯಾಟರಿ ಯಾರು ಬದಲಾಯಿಸಿದ್ದಾರೋ, ಎಂಥದ್ದು ಹಾಕಿದ್ದಾರೋ. ನಾನೂ ಹಾಕಿದ್ದೀನಿ, ಅದಕ್ಕೇ ಹೇಳ್ತಿದ್ದೀನಿ.

ಗೈರೋ ತೇಲೋದಕ್ಕೆ ಕಾರಣ, ಅಲ್ಲಿ ಗೈರೋನೇ ಇಲ್ಲದಿರಬಹುದು. ಅಗ್ಗದ ಫೋನುಗಳಲ್ಲಿ ಬೇರೆ ಸೆನ್ಸರ್‌ಗಳ ಲೆಕ್ಕ ಹಾಕಿ ಸಾಫ್ಟ್‌ವೇರ್‌ನಲ್ಲೇ ಗೈರೋ ತೋರಿಸ್ತಾರೆ. ಸೆನ್ಸರ್ ಪಟ್ಟಿ ತೋರಿಸುವ ಆ್ಯಪ್ ಹಾಕಿ ನೋಡು, ಹೆಸರಲ್ಲಿ "ವರ್ಚುವಲ್" ಅಥವಾ "ಸ್ಯೂಡೊ" ಅಂತ ಇದ್ದರೆ ಮುಗೀತು.

ಬೆರಳಿಗೆ ನಗಲ್ಲ ತಮ್ಮಾ. ನನ್ನ ಬೆರಳೂ ಸೋಲ್ಡರ್ ಸುಟ್ಟು ಹಾಗೇ ಆಗಿದೆ. ಒಣಗಿ ದಪ್ಪ ಆದ ಚರ್ಮವನ್ನು ಟಚ್ ಸರಿಯಾಗಿ ಗುರುತಿಸಲ್ಲ, ಮೇಲೆ ದಪ್ಪ ಗಾರ್ಡ್ ಇದ್ದರೆ ಇನ್ನೂ ಕಷ್ಟ. ಬೆರಳಿಗೆ ಹಾಕುವ ಸ್ಲೀವ್ ಸಿಗುತ್ತೆ, ಅದರ ನೂಲಿನಲ್ಲಿ ಕರೆಂಟು ಹರಿಯುತ್ತೆ. ಬೆಲೆ ಒಂದು ಪ್ಲೇಟ್ ಬೆಣ್ಣೆದೋಸೆಯಷ್ಟು.

ಕೆರೆಏರಿ

ಒಂದು ಸೇರಿಸ್ತೀನಿ. ನೆಟ್‌ವರ್ಕ್ ತಪ್ಪನ್ನು ಫೋನಿನ ಮೇಲೆ ಹಾಕಬೇಡಿ. ನೀವು ತಿರುಗುವಾಗ ಚಿತ್ರ ಸಿಕ್ಕಿಕೊಂಡರೆ ಅದು ಫೋನು. ನಿಮ್ಮ ಚಿತ್ರ ಸಲೀಸಾಗಿದ್ದು, ಎದುರಿನವನು ಒಂದು ಮರದಿಂದ ಇನ್ನೊಂದು ಮರಕ್ಕೆ ದೆವ್ವದ ಹಾಗೆ ಹಾರಿದರೆ ಅದು ಪಿಂಗ್, ಅಂದರೆ ನೆಟ್‌ವರ್ಕಿನ ತಡ. ನಾನು ಇದು ಗೊತ್ತಿಲ್ಲದೇ ಒಂದು ಫೋನ್ ಮಾರಿ ಇನ್ನೊಂದು ತಗೊಂಡೆ. ದೆವ್ವ ಹಾಗೇ ಇತ್ತು.

ಅಡಿಕೆಚೊಗರು (ಸಾಗರ)

ಮಂಜಣ್ಣ, ಬಹಳ ಉಪಕಾರ ಆಯ್ತು. ಸೆನ್ಸರ್ ಆ್ಯಪ್ ಹಾಕಿದೆ. ನನ್ನದು ವರ್ಚುವಲ್ಲೇ! ನಾಲ್ಕು ವರ್ಷ ಇಲ್ಲದ ಗೈರೋಗೆ ಸೆನ್ಸಿಟಿವಿಟಿ ಹೆಚ್ಚು ಕಡಿಮೆ ಮಾಡ್ತಾ ಕೂತಿದ್ದೆ.

ಆ 19 ಸಾವಿರದ ಫೋನು ನಮ್ಮೂರ ಡೈರಿಯ ಹುಡುಗನ ಹತ್ತಿರವೇ ಇತ್ತು. ಹಾಲು ಹಾಕಲು ಹೋದಾಗ ಕೇಳಿ ನೋಡಿದೆ. ಸ್ಮೂತ್‌ನಲ್ಲಿ "ಅಲ್ಟ್ರಾ"ವರೆಗೆ ಮಾತ್ರ ತೆರೆದಿದೆ. ಅವನು ಅದನ್ನು ನೋಡೇ ಇರಲಿಲ್ಲ, ಪಾಪ ಬೇಜಾರು ಮಾಡಿಕೊಂಡ. ಹೇಳಬಾರದಿತ್ತೇನೋ.

ಶಿವಮೊಗ್ಗದಲ್ಲಿರುವ ದೊಡ್ಡಮ್ಮನ ಮಗನ ಹತ್ತಿರ ಎಕ್ಸ್6 ಪ್ರೊ ಇದೆ. ಭಾನುವಾರ ಬಂದಿದ್ದ. ಜಗಲಿಯ ಮೂಲೆಯಲ್ಲಿ ಕೂತು ಒಂದರ ಹಿಂದೆ ಒಂದು ಮೂರು ಮ್ಯಾಚ್ ಆಡಿದೆ, ಫ್ಯಾನ್ ಇಲ್ಲದೆ. ಮೂರನೇದರಲ್ಲಿ ಬಿಸಿಯಾಯಿತು, ಆದರೆ ಬೆರಳು ಇಡಬಹುದಿತ್ತು. ಕೊನೇ ಝೋನ್‌ನಲ್ಲಿ ತಿರುಗಿದೆ ಅಣ್ಣ, ತಿರುಗಿ ಹೊಡೆದೆ. ಸ್ಕ್ವಾಡ್‌ನವರು "ಯಾರೋ ಇವನ ಐಡಿ ಕದ್ದಿದ್ದಾರೆ" ಅಂದರು.

ಈಗ ಆಸೆ ಎಕ್ಸ್7 ಪ್ರೊ ಮೇಲೆ. ಕಡಿಮೆ ಬಿದ್ದ 3 ಸಾವಿರ ಅಪ್ಪ ಕೊಡ್ತಾರಂತೆ. ಆದರೆ ಮಳೆ ಹಿಡಿಯುವ ಮೊದಲು ತೋಟಕ್ಕೆ ಔಷಧಿ ಹೊಡೆಯುವಾಗ ನಾಲ್ಕು ದಿನ ಪೈಪ್ ಎಳೀಬೇಕಂತೆ. ಒಪ್ಪಿದೆ.

ಹೀಟ್‌ಗನ್ ಮಂಜ (ದಾವಣಗೆರೆ)

ಎಳಿ ಎಳಿ. ಔಷಧಿ ಕೈಯಲ್ಲಿ ಫೋನ್ ಮಾತ್ರ ಮುಟ್ಟಬೇಡ.

ಫೋನ್ ಬಂದ ದಿನ ಅಂಗಡಿಯಲ್ಲಿ ಗಾರ್ಡ್ ಹಾಕಿಸುವಾಗ "ಯುವಿ ಗ್ಲಾಸ್ ಹಾಕ್ತೀವಿ, ಗಟ್ಟಿ" ಅಂತಾರೆ. ಬೇಡ ಅನ್ನು. ಅದನ್ನು ನೀರಿನಂಥ ಅಂಟು ಸುರಿದು ಕೂರಿಸ್ತಾರೆ, ಆ ಅಂಟು ಮೇಲಿನ ಸ್ಪೀಕರ್ ಜಾಲರಿಗೆ ಇಳಿದರೆ ಮೊದಲ ದಿನವೇ ದನಿ ಕಮ್ಮಿ ಆಗುತ್ತೆ. ಈ ವಾರ ಅಂಥವು ಎರಡು ಬಂದಿವೆ, ಒಂದನ್ನು ಸೂಜಿ ಹಿಡಿದು ಕೆರೀತಾ ಕೂತೇ ಇದನ್ನು ಬರೀತಿದ್ದೀನಿ.