ಕುಮಟಾದಿಂದ ಶಿರಸಿಗೆ ವಾರಕ್ಕೆ ಮೂರು ಟ್ರಿಪ್: ಹಳೇ ಪಿಕಪ್ ತಗೊಳ್ಳುವಾಗ ಏನೇನು ನೋಡಬೇಕು?

ಅಳ್ವೆಕೋಡಿ ತೋಟದವ:

ಎಲ್ಲರಿಗೂ ನಮಸ್ಕಾರ. ನಮ್ಮದು ಕುಮಟಾ ಹತ್ತಿರ ಅಳ್ವೆಕೋಡಿ. ಬೇಸಿಗೆಯಲ್ಲಿ ಸಿಹಿ ಈರುಳ್ಳಿ, ಉಳಿದ ದಿನ ತೆಂಗಿನಕಾಯಿ, ಬಸಳೆ, ಮೊಗೆಕಾಯಿ. ಅಕ್ಕಪಕ್ಕದ ನಾಲ್ಕು ಮನೆಯ ಮಾಲನ್ನೂ ಸೇರಿಸಿ ವಾರಕ್ಕೆ 3 ಸಲ ಶಿರಸಿಗೆ ಒಯ್ಯುತ್ತೇನೆ. ಇಷ್ಟು ದಿನ ಬಾಡಿಗೆ ಗಾಡಿಯೇ ಗತಿ. ಕಳೆದ ಏಪ್ರಿಲ್‌ನಲ್ಲಿ ಮದುವೆ ಸೀಸನ್ ಅಂತ ಎರಡು ದಿನ ಗಾಡಿ ಸಿಗಲಿಲ್ಲ. ಅಷ್ಟರಲ್ಲಿ ಮಳೆ ಬಂತು. ಕಟ್ಟಿ ನೇತುಹಾಕಿದ್ದ ಈರುಳ್ಳಿ ಗೊಂಚಲೆಲ್ಲ ಒದ್ದೆಯಾಗಿ ಅರ್ಧಕ್ಕರ್ಧ ಕೊಳೆತುಹೋಯಿತು. ಆವತ್ತೇ ನಿರ್ಧಾರ ಮಾಡಿದೆ, ಸ್ವಂತದ್ದೊಂದು ಬೇಕು ಅಂತ.

ಒಂದು ಟ್ರಿಪ್‌ಗೆ 600ರಿಂದ 900 ಕಿಲೋ ಆಗುತ್ತದೆ. ದೇವಿಮನೆ ಘಟ್ಟ ಹತ್ತಬೇಕು. ಕೈಯಲ್ಲಿರುವುದು 4.5 ಲಕ್ಷ. ಈಗ ಎರಡು ಗಾಡಿ ಕಣ್ಣಲ್ಲಿವೆ. ಒಂದು ಕಾರವಾರದ ಕಡೆ ಇರುವ 2016ರ ಬೊಲೆರೊ ಪಿಕಪ್, 4.30 ಹೇಳುತ್ತಿದ್ದಾರೆ. ಹೊಸ ಪೇಂಟ್, ನೋಡಲು ಬಹಳ ಚಂದ ಇದೆ. ಇನ್ನೊಂದು ಶಿರಸಿಯಲ್ಲಿರುವ 2018ರ ಟಾಟಾ ಏಸ್, 2.40ಕ್ಕೆ. ನನ್ನ ಹತ್ತಿರ ಕಾರಿನ ಲೈಸೆನ್ಸ್ ಮಾತ್ರ ಇದೆ, ಅದು ನಡೆಯುತ್ತದಾ? ಅಪ್ಪ ಹೇಳುವುದು ಒಂದೇ ಮಾತು: "ಬೇರೆಯವರ ತಲೆನೋವನ್ನು ದುಡ್ಡು ಕೊಟ್ಟು ಮನೆಗೆ ತರಬೇಡ." ದಯವಿಟ್ಟು ತಿಳಿದವರು ಹೇಳಿ.

ಅಂಕೋಲೆಯ ಹಳೇ ಡ್ರೈವರ್:

ತಮ್ಮಾ, ಆ ಹೊಸ ಪೇಂಟ್ ನೋಡಿ ಅಡ್ವಾನ್ಸ್ ಕೊಟ್ಟುಬಿಡಬೇಡ. ಮೊದಲು ಒಂದು ಪ್ರಶ್ನೆ ಕೇಳು: ಈ ಗಾಡಿ ಇಷ್ಟು ವರ್ಷ ಏನು ಹೊತ್ತಿದೆ?

ನಮ್ಮ ಕರಾವಳಿಯಲ್ಲಿ ಪಿಕಪ್‌ಗಳಿಗೆ ದೊಡ್ಡ ಕೆಲಸವೆಂದರೆ ಮೀನು. ಮೀನಿನ ಜೊತೆ ಐಸ್ ಇರುತ್ತದೆ. ಐಸ್ ಕರಗಿದ ನೀರಿಗೆ ಮೀನಿನ ಉಪ್ಪು ಸೇರಿ ಹಿಂದಿನ ಬಾಡಿಯಿಂದ ಕೆಳಗೆ ಇಳಿಯುತ್ತದೆ. ಇಳಿಯುವುದು ಎಲ್ಲಿಗೆ? ಸೀದಾ ಚಾಸಿಸ್ ಮೇಲೆ, ಅಂದರೆ ಇಡೀ ಗಾಡಿಯನ್ನು ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟಿನ ಮೇಲೆ, ಸ್ಪ್ರಿಂಗ್ ಪ್ಲೇಟ್ ಕೂರುವ ಬ್ರಾಕೆಟ್ ಮೇಲೆ, ಬ್ರೇಕ್ ಪೈಪ್ ಮೇಲೆ. ದಿನಾ ರಾತ್ರಿ ಹೀಗೇ ನೆನೆದರೆ ಕಬ್ಬಿಣ ಒಳಗಿಂದ ಪದರ ಪದರವಾಗಿ ಎದ್ದು ಬರುತ್ತದೆ. ಮೇಲೆ ಕಪ್ಪು ಪೇಂಟ್ ಹೊಡೆದರೆ ಆರು ತಿಂಗಳು ಯಾರಿಗೂ ಕಾಣುವುದಿಲ್ಲ.

ನನಗೆ ಆದದ್ದು ಇದೇ. 2019ರಲ್ಲಿ ಮಳೆಗಾಲದ ಒಂದು ಸಂಜೆ ಗಾಡಿ ನೋಡಿ, ಎಂಜಿನ್ ಸದ್ದು ಚೆನ್ನಾಗಿದೆ ಅಂತ ದುಡ್ಡು ಕೊಟ್ಟೆ. ಕೆಳಗೆ ಬಗ್ಗಿ ನೋಡಲಿಲ್ಲ, ನೆಲವೆಲ್ಲ ಕೆಸರಾಗಿತ್ತು. ಮೂರು ತಿಂಗಳ ನಂತರ ಅರಬೈಲ್ ಘಟ್ಟದಲ್ಲಿ ಸಿಮೆಂಟ್ ಹೇರಿಕೊಂಡು ಹೋಗುವಾಗ ಎಡಗಡೆಯ ಸ್ಪ್ರಿಂಗ್ ಬ್ರಾಕೆಟ್ ಚಾಸಿಸ್‌ನಿಂದ ಕಿತ್ತುಬಂತು. ಗಾಡಿ ಒಂದು ಕಡೆ ವಾಲಿ ನಿಂತಿತು. ಹಿಂದೆ ಲಾರಿಗಳ ಸಾಲು. ದೇವರ ದಯೆ, ತಿರುವಿನಲ್ಲಿ ಆಗಲಿಲ್ಲ. ಕ್ಲೀನರ್ ಹುಡುಗನ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಎಂಜಿನ್ ಹಾಳಾದರೆ ಬಿಚ್ಚಿ ಕಟ್ಟಬಹುದು. ಚಾಸಿಸ್ ಹೋದರೆ ಗಾಡಿಯೇ ಹೋದಂತೆ. ಅದಕ್ಕೇ ಹೇಳುವುದು, ಒಂದು ಸಣ್ಣ ಸುತ್ತಿಗೆ ತಗೊಂಡು ಹೋಗು. ಚಾಪೆ ಹಾಸಿಕೊಂಡು ಗಾಡಿ ಕೆಳಗೆ ಮಲಗು. ಚಾಸಿಸ್ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬಾ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಕೊಳೆತದ್ದು ದಪ್ ದಪ್ ಅನ್ನುತ್ತದೆ, ಪುಡಿಯೂ ಉದುರುತ್ತದೆ. ಹಿಂದಿನ ಚಕ್ರದ ಮೇಲ್ಭಾಗ, ಬಾಡಿಯನ್ನು ಚಾಸಿಸ್‌ಗೆ ಕಟ್ಟಿದ ಬೋಲ್ಟು, ಬ್ಯಾಟರಿ ಕೂರುವ ತಟ್ಟೆ, ಇಷ್ಟನ್ನು ಮಾತ್ರ ಬಿಡಲೇಬೇಡ. ಮೀನಿನ ಗಾಡಿ ಹೌದೋ ಅಲ್ಲವೋ ಅನುಮಾನ ಬಂದರೆ ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯ ಹಿಂದೆ ಎರಡು ಕೊಡ ನೀರು ಸುರಿದು ಹತ್ತು ನಿಮಿಷ ನಿಲ್ಲು. ಹಲಗೆ ಸಂದಿನಿಂದ ವಾಸನೆ ತಾನೇ ಎದ್ದು ಹೇಳುತ್ತದೆ.

ಎಂಜಿನ್ ನೋಡುವುದಾದರೆ ಬೆಳಿಗ್ಗೆ ಬೇಗ ಹೋಗು. ಮೊದಲು ಬಾನೆಟ್ ಮೇಲೆ ಕೈ ಇಡು. ಬಿಸಿ ಇದ್ದರೆ ನೀನು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆ ತೇಲುತ್ತಿದೆಯಾ ನೋಡು. ಆಮೇಲೆ ಸ್ಟಾರ್ಟ್ ಮಾಡಿ ಆಯಿಲ್ ಮುಚ್ಚಳ ತೆಗೆ. ಅಲ್ಲಿಂದ ದಮ್ಮು ಹೊಡೆದ ಹಾಗೆ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಡು, ಗೇರ್ ತಾನೇ ಹಾರಿದರೆ ಆ ಗಾಡಿ ಘಟ್ಟಕ್ಕೆ ಆಗುವುದಿಲ್ಲ.

ಶಿರಸಿ ಅಕ್ಕ:

ನಮ್ಮ ಮನೆಯಲ್ಲಿ 9 ವರ್ಷದಿಂದ ಏಸ್ ಇದೆ, ಅಡಿಕೆ ಮತ್ತು ಬಾಳೆಗೊನೆಗೆ. ಶಿರಸಿ ಪೇಟೆಯ ಸುತ್ತ ಓಡಿಸಲು ಅಷ್ಟು ಒಳ್ಳೆಯ ಗಾಡಿ ಇನ್ನೊಂದಿಲ್ಲ. ಸಣ್ಣ ದಾರಿಯಲ್ಲಿ ತಿರುಗುತ್ತದೆ, ಡೀಸೆಲ್ ಕಡಿಮೆ. ಆದರೆ ಅದು ಎರಡು ಸಿಲಿಂಡರಿನ 702 ಸಿಸಿ ಎಂಜಿನ್. ಮುಕ್ಕಾಲು ಟನ್ನಿನ ಆಸುಪಾಸಿಗೆ ಮಾಡಿದ್ದು. ನಿಮ್ಮ ಲೋಡು ಹತ್ತುವ ದಿಕ್ಕಿನಲ್ಲೇ ಇದೆ ಅಲ್ವಾ? 900 ಕಿಲೋ ಹಾಕಿ ವಾರಕ್ಕೆ ಮೂರು ಸಲ ದೇವಿಮನೆ ಹತ್ತಿಸಿದರೆ ಪಾಪ, ಕ್ಲಚ್ಚೂ ಎಂಜಿನ್ನೂ ಎರಡೂ ಸುಸ್ತಾಗುತ್ತವೆ. ಬೊಲೆರೊ ನಾಲ್ಕು ಸಿಲಿಂಡರು, 2523 ಸಿಸಿ. ನಿಮಗೆ ಅದೇ ಸರಿ.

ಆದರೆ ಗಾಡಿಯನ್ನು ಕಡಲತೀರದಲ್ಲಿ ಹುಡುಕಬೇಡಿ. ಘಟ್ಟದ ಮೇಲೆ ಹುಡುಕಿ. ಕೆಎ 31 ನಂಬರಿನ (ಶಿರಸಿ ನೋಂದಣಿ), ಅಡಿಕೆ ಅಥವಾ ಗೊಬ್ಬರ ಹೊತ್ತ ಗಾಡಿಗಳು ಇಲ್ಲಿ ಆಗಾಗ ಮಾರಾಟಕ್ಕೆ ಬರುತ್ತವೆ. ಹಾಂ, ಗೊಬ್ಬರ ಹೊತ್ತದ್ದಾದರೆ ಅದಕ್ಕೂ ತುಕ್ಕು ಹಿಡಿಯುತ್ತದೆ, ಸುತ್ತಿಗೆ ಅಲ್ಲಿಗೂ ಬೇಕು. ಇನ್ನೊಂದು ಮಾತು: ಶಿರಸಿಯಿಂದ ಖಾಲಿ ಇಳಿಯಬೇಡಿ. ಹಿಂಡಿ ಚೀಲದ ಬಾಡಿಗೆ ಸಿಕ್ಕರೂ ಡೀಸೆಲ್ ಖರ್ಚು ಹುಟ್ಟುತ್ತದೆ.

ಕಾರವಾರ ಕಾಗದಪತ್ರ:

ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ಲೋಡು ಸೇರಿ ಒಟ್ಟು ತೂಕ 7,500 ಕಿಲೋ ಒಳಗಿನ ಸರಕು ಗಾಡಿಗೆ ಎಲ್‌ಎಂವಿ ಲೈಸೆನ್ಸ್ (ನಿಮ್ಮ ಕಾರಿನದ್ದೇ) ಸಾಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಗಾಡಿಯ ಒಟ್ಟು ತೂಕ ನೋಡಿ. 3,000 ಕಿಲೋ ದಾಟದಿದ್ದರೆ ಪರ್ಮಿಟ್ ಬೇಡ, ದಾಟಿದರೆ ಬೇಕು. ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) 8 ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಹಾಗಾಗಿ 2016ರ ಗಾಡಿಗೆ ವರ್ಷಾ ವರ್ಷ ಆ ಖರ್ಚು ಇದ್ದೇ ಇದೆ. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರಬೇಕು. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಸಹಿ ಹಾಕಿದ ಖಾಲಿ ಫಾರ್ಮ್ ಇಸಿದುಕೊಂಡು ಸುಮ್ನೆ ಓಡಿಸುತ್ತಾ ಇರಬೇಡಿ. ನಾಳೆ ಅಪಘಾತವಾದರೆ ಹಳೇ ಮಾಲಕರಿಗೂ ಕಷ್ಟ, ನಿಮಗೂ ಕಷ್ಟ. ಗೋವಾ ನಂಬರಿನ ಗಾಡಿ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ, ಅಲ್ಲಿನ ಎನ್‌ಒಸಿ, ಇಲ್ಲಿನ ಟ್ಯಾಕ್ಸ್, ಹೊಸ ನಂಬರು ಎಲ್ಲ ಸೇರಿಸಿ ಲೆಕ್ಕ ಹಾಕಿ.

ಅಳ್ವೆಕೋಡಿ ತೋಟದವ:

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ಕಾರವಾರಕ್ಕೆ ಹೋಗಿ ಬಂದೆ. ಸುತ್ತಿಗೆ ಒಯ್ದಿದ್ದೆ. ಬಲಗಡೆ ಹಿಂದಿನ ಚಕ್ರದ ಹತ್ತಿರ ತಟ್ಟಿದಾಗ ಪೇಂಟಿನ ಜೊತೆ ಅಂಗೈ ಅಗಲದ ತುಕ್ಕಿನ ಹಪ್ಪಳ ಎದ್ದು ಬಂತು. ಮಾರುವವರು "ಒಂದೆರಡು ಸಲ ಮೀನು ಹಾಕಿದ್ದು ಅಷ್ಟೇ" ಅಂದರು. ನಮಸ್ಕಾರ ಹೇಳಿ ಬಂದೆ.

ಶಿರಸಿ ಅಕ್ಕ ಹೇಳಿದ ಹಾಗೆ ಮೇಲೆ ವಿಚಾರಿಸಿದೆ. ಸಿದ್ದಾಪುರದ ಹತ್ತಿರ 2015ರ ಪಿಕಪ್ ಒಂದಿದೆಯಂತೆ. ಒಬ್ಬರೇ ಮಾಲಕರು, ಅಡಿಕೆ ಗಾಡಿ, ಸಾಲ ಇಲ್ಲ, 3.90 ಹೇಳುತ್ತಾರೆ. ಹಿಂದಿನ ಸ್ಪ್ರಿಂಗಿಗೆ ಒಂದು ಪ್ಲೇಟ್ ಹೆಚ್ಚಿಗೆ ಹಾಕಿಸಿದ್ದಾರಂತೆ. ಇದರಿಂದ ತೊಂದರೆ ಇದೆಯಾ? ಅಂಕೋಲೆ ಅಣ್ಣಾ, ಭಾನುವಾರ ನನ್ನ ಜೊತೆ ಬರಲು ಆಗುತ್ತದಾ?

ಅಂಕೋಲೆಯ ಹಳೇ ಡ್ರೈವರ್:

ಪ್ಲೇಟ್ ಹೆಚ್ಚಿಗೆ ಹಾಕಿಸಿದ್ದಾರೆ ಎಂದರೆ ಓವರ್‌ಲೋಡ್ ಎಳೆದಿರಬಹುದು. ಹಿಂದಿನ ಆಕ್ಸಲ್, ಡಿಫರೆನ್ಶಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್) ಸದ್ದು ನೋಡಿಯೇ ಹೇಳಬೇಕು. ಬರುತ್ತೇನೆ. 5 ಗಂಟೆಗೆ ಕುಮಟಾ ಬಸ್ ಸ್ಟ್ಯಾಂಡ್ ಹತ್ತಿರ ಇರು. ಬೆಳಿಗ್ಗೆ ನಾವು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಮಾಲಕರಿಗೆ ಇವತ್ತೇ ಫೋನ್ ಮಾಡಿ ಹೇಳು.